ಅಡವು, ಒತ್ತೆ, ಆಣೆ, ಭಾಷೆ: ಎರಡೂ ಅರ್ಥ ಹೊರುವ ಒಂದೇ ಪದ ಕನ್ನಡದಲ್ಲಿ ಇದೆಯಾ?

ಹೇಮಾವತಿ_ದಂಡೆ
ಮೊನ್ನೆ ಬ್ಯಾಂಕಿಗೆ ಹೋಗಿ ಅವ್ವನ ಅವಲಕ್ಕಿ ಸರ ಬಿಡಿಸಿಕೊಂಡು ಬಂದೆ. ಹೋದ ವರ್ಷ ಕೊಳವೆ ಬಾವಿ ಕೊರೆಸುವಾಗ ಇಟ್ಟಿದ್ದು. ಐದನೇ ಕ್ಲಾಸಿನ ಮಗಳೂ ಜೊತೆಗಿದ್ದಳು. ಅಧಿಕಾರಿ ಚೀಲದ ಸೀಲು ಒಡೆದರು, ಸರವನ್ನು ತಕ್ಕಡಿ ಮೇಲಿಟ್ಟರು, ಚೀಟಿಯಲ್ಲಿದ್ದ ತೂಕದ ಜೊತೆ ತಾಳೆ ನೋಡಿ ಸಹಿ ಹಾಕಿಸಿಕೊಂಡರು. ಕೊಂಡಿಯ ಹತ್ತಿರ ಅವ್ವ ಸುತ್ತಿದ್ದ ಕೆಂಪು ದಾರ ಹಾಗೇ ಇತ್ತು. ಅದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಮಗಳು ಮಾತ್ರ ಚೀಟಿ ಓದುತ್ತಾ ನಿಂತಿದ್ದಳು. "ಅಪ್ಪಾ, ಇಲ್ಲಿ ಪ್ಲೆಡ್ಜ್ ಅಂತ ಬರೆದಿದೆ. ನಾವು ಶಾಲೆಯಲ್ಲಿ ಕೈ ಮುಂದೆ ಚಾಚಿ ಹೇಳುವುದೂ ಪ್ಲೆಡ್ಜೇ ಅಲ್ವಾ? ಹಾಗಾದರೆ ಶಾಲೆಯಲ್ಲಿ ನಾವು ಏನು ಅಡ ಇಟ್ಟಿದ್ದೀವಿ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮಲ್ಲಿ ಒಡವೆಗೆ ಅಡವು, ಮಾತಿಗೆ ಪ್ರತಿಜ್ಞೆ. ಎರಡೂ ಬೇರೆ ಬೇರೆ ಮನೆಯ ಮಾತು. ಎರಡನ್ನೂ ಸೇರಿಸಿ ಹೇಳುವ ಪದ ಕನ್ನಡದಲ್ಲಿ ಇದೆಯಾ? ತಿಳಿದವರು ಹೇಳಿ.

ರಾಗಿಕಣ
ಒತ್ತೆ. ಮುಗಿಯಿತು.

ಗದಗಿನ_ಗಾಳಿ
ಒತ್ತೆ ವಸ್ತುವಿಗೆ ಮಾತ್ರ, ಮಾತಿಗೆ ಅಲ್ಲ. ನಮ್ಮ ಕಡೆ ಬಂಗಾರ "ಒತ್ತಿ" ಇಡುತ್ತಾರೆ. ಮೈಸೂರು, ಮಂಡ್ಯ ಕಡೆಯವರು "ಅಡ ಇಡು" ಅಂತಾರೆ, ಪೇಟೆಯಲ್ಲಿ "ಗಿರವಿ ಅಂಗಡಿ". ಯಾವುದರಲ್ಲೂ ಮಾತು ಕೊಟ್ಟ ಅರ್ಥ ಇಲ್ಲ.

ರಾಗಿಕಣ
ಒತ್ತೆಯಾಳು ಅಂತೀವಲ್ಲ, ಅದು ವಸ್ತುವಾ? ಅಲ್ಲಿ ಮನುಷ್ಯನನ್ನು ಇಟ್ಟುಕೊಳ್ಳುವುದೇ ಇನ್ನೊಬ್ಬರು ಕೊಟ್ಟ ಮಾತಿಗಾಗಿ.

ಕಪ್ಪುಕೋಟು
ಮೂವತ್ತು ವರ್ಷದಿಂದ ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಿದ್ದೇನೆ. ಮಗುವಿನ ಪ್ರಶ್ನೆ ತುಂಬಾ ಚೆನ್ನಾಗಿದೆ. 1872ರ ಕರಾರು ಕಾಯ್ದೆಯ 172ನೇ ಕಲಮು ನೋಡಿ. ಸಾಲ ತೀರಿಸುವುದಕ್ಕೆ ಭದ್ರತೆಯಾಗಿ, ಅಥವಾ ಕೊಟ್ಟ ಮಾತನ್ನು ನಡೆಸುವುದಕ್ಕೆ ಭದ್ರತೆಯಾಗಿ ವಸ್ತುವನ್ನು ಒಪ್ಪಿಸಿದರೆ ಅದು ಅಡವು. "ಕೊಟ್ಟ ಮಾತು" ಅನ್ನುವುದು ಕಾನೂನಿನಲ್ಲೇ ಇದೆ. ದುಡ್ಡಿನ ಸಾಲ ಇರಲೇಬೇಕು ಅಂತಿಲ್ಲ. ಒಂದು ಕೆಲಸ ಮಾಡಿಕೊಡುತ್ತೇನೆ ಅಂತ ಹೇಳಿ, ಅದಕ್ಕೆ ಉಂಗುರ ಬಿಟ್ಟು ಹೋದರೂ ಅದು ಅಡವೇ.

ಇನ್ನೊಂದು ವಿಷಯ ಜನಕ್ಕೆ ಗೊತ್ತಿಲ್ಲ. ಅಡವು ಅಂದರೆ ಮಾರಿದ್ದಲ್ಲ. ಒಡವೆ ಅವರ ಕಪಾಟಿನಲ್ಲಿದ್ದರೂ ಒಡೆಯರು ನೀವೇ. ಗಡುವು ದಾಟಿದರೂ, ಅವರು ನಿಜವಾಗಿ ಮಾರುವ ಕ್ಷಣದವರೆಗೆ ಸಾಲ, ಬಡ್ಡಿ, ಖರ್ಚು ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ನಿಮಗಿದೆ (177ನೇ ಕಲಮು). ಮಾರುವ ಮುಂಚೆ ಅವರು ನಿಮಗೆ ತಕ್ಕ ಮುನ್ಸೂಚನೆ ಕೊಡಲೇಬೇಕು (176). "ಗಡುವು ಮುಗಿಯಿತು, ಒಡವೆ ಮುಳುಗಿತು" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮಲ್ಲಿಗೆ_ಮೊಗ್ಗು
ಈ ಮುನ್ಸೂಚನೆ ವಿಷಯ ಕೇಳಿ ಹೊಟ್ಟೆ ಉರಿಯಿತು. ನಮ್ಮ ಅಕ್ಕ ಒಂದು ಫೈನಾನ್ಸಿನಲ್ಲಿ ನಾಲ್ಕು ಬಳೆ ಇಟ್ಟಿದ್ದಳು. ಮನೆ ಬದಲಾಯಿಸಿದಳು. ನೋಟಿಸು ಹಳೇ ವಿಳಾಸಕ್ಕೆ ಹೋಗಿ ವಾಪಸು ಬಂತು. ಫೋನ್ ನಂಬರ್ ಅದೇ ಇತ್ತು, ಆದರೂ ಒಂದು ಕರೆ ಮಾಡಲಿಲ್ಲ. ದುಡ್ಡು ಹೊಂದಿಸಿಕೊಂಡು ಹೋದಾಗ ಹರಾಜು ಆಗಿ ಹನ್ನೊಂದು ದಿನ ಆಗಿತ್ತು. ಅವು ಅತ್ತೆ ಕೊಟ್ಟ ಬಳೆ. ಆ ತೂಕದ ಚಿನ್ನ ಮತ್ತೆ ಕೊಳ್ಳಬಹುದು. ಆ ಬಳೆ ಎಲ್ಲಿಂದ ತರುವುದು?

ನಿವೃತ್ತ_ಗುಮಾಸ್ತ
@ಮಲ್ಲಿಗೆ_ಮೊಗ್ಗು ಓದಿ ಬೇಸರ ಆಯಿತಮ್ಮ. ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಹದಿನೆಂಟು ವರ್ಷ ಕೂತಿದ್ದೆ. ಒರೆಗಲ್ಲಿಗೆ ಉಜ್ಜಿ ನೋಡುವುದು ಎರಡು ನಿಮಿಷದ ಕೆಲಸ. ಒಡವೆ ಕೈಗೆ ಕೊಡುವ ಮುಂಚೆ ಹೆಂಗಸರು ಅದನ್ನು ಒಂದು ಸಲ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾರೆ. ಅದನ್ನು ನೋಡುವುದೇ ಕಷ್ಟ.

ಎಲ್ಲರಿಗೂ ಉಪಯೋಗ ಆಗಲಿ ಅಂತ ಬರೆಯುತ್ತೇನೆ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಚಿನ್ನ, ಬೆಳ್ಳಿ ಅಡವಿನ ಸಾಲಕ್ಕೆ ಹೊಸ ನಿಯಮ ತಂದಿತು. 2026ರ ಏಪ್ರಿಲ್ 1ರ ಒಳಗೆ ಎಲ್ಲರೂ ಜಾರಿಗೆ ತರಬೇಕು ಅಂತ ಹೇಳಿತು. ಸ್ವಂತ ಖರ್ಚಿನ ಸಾಲ ಎರಡೂವರೆ ಲಕ್ಷದ ಒಳಗಿದ್ದರೆ ಒಡವೆ ಬೆಲೆಯ ಶೇ 85ರವರೆಗೆ ಕೊಡಬಹುದು, ಐದು ಲಕ್ಷದವರೆಗೆ ಶೇ 80, ಅದಕ್ಕಿಂತ ಜಾಸ್ತಿಗೆ ಶೇ 75. ಪರೀಕ್ಷೆ ಮಾಡುವಾಗ ಸಾಲಗಾರ ಎದುರಿಗೇ ಇರಬೇಕು. ಕಲ್ಲು, ಅರಗು ಅಂತ ಎಷ್ಟು ತೂಕ ಕಳೆದರು ಅನ್ನುವುದನ್ನು ತೋರಿಸಬೇಕು. ಸಾಲ ತೀರಿದ ಮೇಲೆ ಒಡವೆಯನ್ನು ಅದೇ ದಿನ, ತಡವಾದರೂ 7 ಕೆಲಸದ ದಿನದೊಳಗೆ ಕೊಡಬೇಕು. ತಪ್ಪು ಅವರದ್ದಾಗಿ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ಹರಾಜಿನಲ್ಲಿ ಸಾಲಕ್ಕಿಂತ ಹೆಚ್ಚು ಬಂದರೆ ಹೆಚ್ಚಿನದ್ದು ನಿಮ್ಮದು. ಅದನ್ನು ಕೇಳಿ ಪಡೆಯಿರಿ. ನಾಚಿಕೆ ಪಡಬೇಡಿ.

ಮಲ್ಲಿಗೆ_ಮೊಗ್ಗು
ಹೆಚ್ಚಿನ ದುಡ್ಡು ವಾಪಸು ಬರುತ್ತದೆ ಅಂತ ನಮಗೆ ಯಾರೂ ಹೇಳೇ ಇಲ್ಲ. ನಾಳೆಯೇ ಅಕ್ಕನನ್ನು ಕರೆದುಕೊಂಡು ಹೋಗಿ ಲೆಕ್ಕ ಕೇಳುತ್ತೇನೆ.

ಕಪ್ಪುಕೋಟು
ಬರವಣಿಗೆಯಲ್ಲಿ ಕೇಳಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಕಡಲತಡಿ
ಪ್ರಶ್ನೆಗೆ ವಾಪಸು ಬರೋಣ. ಎರಡೂ ಅರ್ಥದ ಪದ "ಭಾಷೆ". ಹಳ್ಳಿಯಲ್ಲಿ ಈಗಲೂ "ಭಾಷೆ ಕೊಡು" ಅಂತ ಕೈ ಮುಂದೆ ಮಾಡುತ್ತಾರೆ. ಆಡುವ ನುಡಿಗೂ ಕೊಡುವ ಮಾತಿಗೂ ನಮ್ಮಲ್ಲಿ ಒಂದೇ ಪದ. ಪುಣ್ಯಕೋಟಿ ಹುಲಿಗೆ ಕೊಟ್ಟಿದ್ದು ಭಾಷೆ. ಏನನ್ನೂ ಅಡ ಇಡಲಿಲ್ಲ. ಕರುವನ್ನು ಬಿಟ್ಟು ಹೋಗು ಅಂತ ಹುಲಿ ಕೇಳಲೂ ಇಲ್ಲ. ಮಾತೇ ಸಾಕಾಯಿತು.

ರಾಗಿಕಣ
ಅದು ಕಥೆ. ಊರಿನ ಸಂತೆಯಲ್ಲಿ ಬರೀ ಮಾತಿಗೆ ಹತ್ತು ಸೇರು ರಾಗಿ ಯಾರು ಕೊಡುತ್ತಾರೆ? ಹಿಂದೆ ಏನಾದರೂ ಇರಬೇಕು. ಇಲ್ಲದಿದ್ದರೆ ಮಾತು ಗಾಳಿಗೆ ಹೋಗುತ್ತದೆ.

ಗದಗಿನ_ಗಾಳಿ
ಕೊಡುತ್ತಾರೆ. ನಮ್ಮ ಜಿಲ್ಲೆಯ ಕಣಗಿನಹಾಳಕ್ಕೆ ಬನ್ನಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಹಕಾರ ಸಂಘ ಕಟ್ಟಿದರು. 1904ರ ಕಾಯ್ದೆಯಲ್ಲಿ ಹಳ್ಳಿಯ ಸಂಘದ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಸಾಲ ಕಟ್ಟದಿದ್ದರೆ ಸಂಘ ಮುಳುಗುವ ಹೊತ್ತಿಗೆ ಉಳಿದ ಸದಸ್ಯರೆಲ್ಲ ಹೊಣೆ. ಬಡವನ ಹತ್ತಿರ ಅಡವಿಡಲು ಒಡವೆ ಇಲ್ಲ, ಆದರೆ ಅವನ ಬೆನ್ನಿಗೆ ಇಡೀ ಊರಿನ ಮಾತು ಇದೆ. ನಮ್ಮಜ್ಜ ಇದನ್ನು ಹೇಳುವಾಗ ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು.

ರಾಗಿಕಣ
ಇಡೀ ಊರು ಹೊಣೆ ಅಂದ ಮೇಲೆ ಊರೇ ಅಡವು ಆಯಿತಲ್ಲ. ನಾನು ಹೇಳಿದ್ದೂ ಅದೇ. ಈಗಿನ ಗುಂಪು ಸಾಲದಲ್ಲೂ ಹಾಗೇ. ಒಡವೆ ಕೇಳುವುದಿಲ್ಲ, ಆದರೆ ಕಂತು ತಪ್ಪಿದರೆ ಹತ್ತು ಹೆಂಗಸರು ಮನೆ ಮುಂದೆ ಬಂದು ಕೂರುತ್ತಾರೆ. ಅಲ್ಲಿ ಅಡವಿಟ್ಟಿರುವುದು ಮಾನ. ಕಿರುಕುಳ ತಡೆಯುವುದಕ್ಕೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು, ಹತ್ತು ವರ್ಷದವರೆಗೆ ಜೈಲು ಅಂತ. ಊರು ಬಿಟ್ಟು ಹೋದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೀಗ ಹಾಕಿದ ಬಾಗಿಲು, ಅಂಗಳದಲ್ಲಿ ಒಣಗಿದ ತುಳಸಿ.

ಅಂಗಳದ_ತುಳಸಿ
ಒಡವೆ ಇದ್ದವರು ಒಡವೆ ಕಳೆದುಕೊಳ್ಳುತ್ತಾರೆ. ಇಲ್ಲದವರು ಮಾನ ಕಳೆದುಕೊಳ್ಳುತ್ತಾರೆ. ಒಡವೆಗಾದರೆ ತೂಕ, ಚೀಟಿ, ನೋಟಿಸು ಎಲ್ಲಾ ಇದೆ. ಮಾನಕ್ಕೆ ಯಾವ ಚೀಟಿ ಇದೆ?

ಶ್ರೀರಂಗಪಟ್ಟಣ_ಸಂತೆ
ಒತ್ತೆಯಾಳು ಅಂದಿರಿ. ನಮ್ಮೂರಿನ ಕಥೆ ಬಿಟ್ಟರೆ ಹೇಗೆ? 1792ರಲ್ಲಿ ಟಿಪ್ಪು ತನ್ನ ಮೂರು ಮಕ್ಕಳನ್ನು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನಿಗೆ ಒತ್ತೆ ಕೊಟ್ಟ. ಅರ್ಧ ರಾಜ್ಯ ಹೋಯಿತು, ಮೇಲೆ ಯುದ್ಧದ ದಂಡ.

ಹಳೇಬೀಡು_ಬೀದಿ
ಮೂರಲ್ಲ, ಇಬ್ಬರು. ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್. ದೊಡ್ಡ ಮಗ ಫತೇ ಹೈದರ್ ಹೋಗಲಿಲ್ಲ. ದಂಡ 3 ಕೋಟಿ 30 ಲಕ್ಷ ರೂಪಾಯಿ.

ಶ್ರೀರಂಗಪಟ್ಟಣ_ಸಂತೆ
ಸರಿ, ಇಬ್ಬರು. ತಿದ್ದಿದ್ದಕ್ಕೆ ಧನ್ಯವಾದ. ಆ ಮಕ್ಕಳನ್ನು ಮದ್ರಾಸಿಗೆ ಕರೆದುಕೊಂಡು ಹೋದರು. ವಾಪಸು ಬಂದಿದ್ದು 1794ರಲ್ಲಿ. ಒಪ್ಪಿಸುವ ಗಳಿಗೆಯನ್ನು ಇಂಗ್ಲಿಷ್ ಚಿತ್ರಗಾರರು ಎಷ್ಟೋ ಸಲ ಬರೆದರು. ಆ ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ಕರುಣೆಯಿಂದ ಮಕ್ಕಳ ಕೈ ಹಿಡಿದ ಹಾಗೆ ಕಾಣುತ್ತದೆ. ನನಗೆ ಮಾತ್ರ ಆ ಮಕ್ಕಳ ಮುಖವೇ ಕಾಣುವುದು. ಅಪ್ಪ ಕೊಟ್ಟ ಮಾತಿಗೆ ಎರಡು ವರ್ಷ ಪರರ ಮನೆಯಲ್ಲಿ ಕೂರಬೇಕಾದ ಮಕ್ಕಳು.

ಅಂಗಳದ_ತುಳಸಿ
ಇದನ್ನು ಓದಿದ ಮೇಲೆ ಒಂದು ಮಾತು ಹೇಳಲೇಬೇಕು. "ಮಗುವಿನ ತಲೆ ಮುಟ್ಟಿ ಆಣೆ ಮಾಡು" ಅಂತ ಹೇಳುತ್ತೇವಲ್ಲ, ಅದೂ ಇದೇ ಅಲ್ವಾ? ಮಾತು ನಿಮ್ಮದು. ತಪ್ಪಿದರೆ ಕೆಡುಕು ಮಗುವಿಗೆ. ಅಂದರೆ ಮಗುವನ್ನು ಒತ್ತೆ ಇಟ್ಟ ಹಾಗೆ. ನನ್ನ ಗಂಡ ಕುಡಿಯುವುದನ್ನು ಬಿಡುತ್ತೇನೆ ಅಂತ ಮಗನ ತಲೆ ಮೇಲೆ ಕೈ ಇಡಲು ಬಂದಾಗ ನಾನು ಆ ಕೈಯನ್ನು ತಳ್ಳಿದೆ. "ನಿಮ್ಮ ತಲೆ ಮುಟ್ಟಿಕೊಂಡು ಹೇಳಿ" ಅಂದೆ. ಅವತ್ತು ಮನೆಯಲ್ಲಿ ದೊಡ್ಡ ಜಗಳ ಆಯಿತು. ಆದರೆ ನಾನು ಮಾಡಿದ್ದು ಸರಿ ಅಂತ ಇವತ್ತಿಗೂ ನಂಬಿದ್ದೇನೆ.

ಕಡಲತಡಿ
ತುಂಬಾ ಸರಿ ಮಾಡಿದ್ದೀರಿ ಅಕ್ಕ.

ಕಪ್ಪುಕೋಟು
ಇದು ಸುಮ್ನೆ ಭಾವನೆಯ ಮಾತಲ್ಲ. ತನ್ನದಲ್ಲದ್ದನ್ನು ಅಡವಿಡುವ ಹಕ್ಕು ಸಾಮಾನ್ಯವಾಗಿ ಯಾರಿಗೂ ಇಲ್ಲ. ದ್ಯೂತದ ಸಭೆಯಲ್ಲಿ ದ್ರೌಪದಿ ಕೇಳಿದ್ದೂ ಇದನ್ನೇ. ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಅಧಿಕಾರ ಎಲ್ಲಿಂದ ಬಂತು ಅಂತ. ಆ ಸಭೆಯಲ್ಲಿ ಅಷ್ಟು ದೊಡ್ಡವರಿದ್ದರೂ ನೆಟ್ಟಗೆ ಉತ್ತರ ಬರಲಿಲ್ಲ.

ಮಕ್ಕಳನ್ನು ನಿಜವಾಗಿಯೇ ಅಡವಿಡುತ್ತಿದ್ದ ಕಾಲ ತೀರಾ ಹಿಂದೆ ಏನಲ್ಲ. ಮಕ್ಕಳ ದುಡಿಮೆಯನ್ನು ಅಡವಿಡುವ ಕರಾರು ಚಲ್ಲ ಅಂತ ಹೇಳುವುದಕ್ಕೇ 1933ರಲ್ಲಿ ಒಂದು ಕಾಯ್ದೆ ಬೇಕಾಯಿತು. ಜೀತ ರದ್ದಾಗಿದ್ದು 1976ರ ಕಾಯ್ದೆಯಿಂದ. ಅಪ್ಪ ಮಾಡಿದ ಸಾಲಕ್ಕೆ ಮಗ ದನ ಕಾಯುವುದು, ಅವನ ಮಗನೂ ದನ ಕಾಯುವುದು. ಬಿಡಿಸಿಕೊಳ್ಳಲು ಆಗದ ಅಡವು ಅದು.

ರಾಗಿಕಣ
"ಚಲ್ಲ" ಅಲ್ಲ ಸಾರ್, "ಸಲ್ಲದು". ಅಥವಾ "ನಡೆಯದು".

ಕಪ್ಪುಕೋಟು
"ಸಲ್ಲದು" ಅಂತ ಬರೆಯಲು ಹೋಗಿದ್ದೆ. ಬೆರಳು ಜಾರಿತು.

ಹಳೇಬೀಡು_ಬೀದಿ
ತನ್ನ ತಲೆಯನ್ನೇ ಒತ್ತೆ ಇಟ್ಟವರೂ ನಮ್ಮಲ್ಲಿದ್ದಾರೆ. ಹೊಯ್ಸಳೇಶ್ವರ ದೇವಸ್ಥಾನದ ಅಂಗಳದಲ್ಲಿ ಒಂದು ಕಂಬ ಇದೆ. ಪ್ರವಾಸಿಗರು ಗೋಡೆಯ ಶಿಲ್ಪ ನೋಡಿ ಹೊರಟುಬಿಡುತ್ತಾರೆ, ಅದರ ಕಡೆ ತಿರುಗುವವರು ಕಡಿಮೆ. ಎರಡನೇ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಂಬ. ದೊರೆ ಸತ್ತರೆ ತಾನೂ ಉಳಿಯುವುದಿಲ್ಲ ಅಂತ ಮಾತು ಕೊಟ್ಟ ಗರುಡ, ಅಂದರೆ ದೊರೆಯ ಅಂಗರಕ್ಷಕ ಅವನು. ಬಲ್ಲಾಳ 1220ರಲ್ಲಿ ತೀರಿಕೊಂಡ. ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಜೊತೆಯ ಬಂಟರು ಮಾತು ನಡೆಸಿದರು. ಕತ್ತಿ ಹಿಡಿದು ತಮ್ಮ ತಲೆಯನ್ನೇ ಕೊಡುತ್ತಿರುವ ಬಂಟರನ್ನು ಆ ಕಂಬದಲ್ಲಿ ಕೆತ್ತಿದ್ದಾರೆ. ಉಂಡ ಜೋಳದ ಋಣ ತೀರಿಸುವುದಕ್ಕೆ ಜೋಳವಾಳಿ, ಕೊಟ್ಟ ಮಾತಿಗೆ ಪ್ರಾಣ ಬಿಡುವುದಕ್ಕೆ ವೇಳೆವಾಳಿ ಅಂತ ಹೆಸರಿತ್ತು. ಚಿಕ್ಕವನಿದ್ದಾಗ ಆ ಕಂಬದ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಅದರಲ್ಲಿ ಏನಿದೆ ಅಂತ ತಿಳಿದ ಮೇಲೆ ಅಲ್ಲಿ ಊಟ ಸೇರಲಿಲ್ಲ.

ಮಲ್ಲಿಗೆ_ಮೊಗ್ಗು
ಹೆಂಡತಿಗೂ ಆ ಮಾತು ಇತ್ತಾ, ಇಲ್ಲ ಗಂಡನ ಮಾತಿಗೆ ಅವಳೂ ಹೋದಳಾ?

ಹಳೇಬೀಡು_ಬೀದಿ
ಗರುಡನ ವ್ರತ ಗಂಡ ಹೆಂಡತಿ ಇಬ್ಬರದೂ ಅಂತಲೇ ಹೇಳುತ್ತಾರೆ. ಆದರೆ ನಿಮ್ಮ ಪ್ರಶ್ನೆ ನನ್ನನ್ನೂ ಕಾಡುತ್ತದೆ.

ಬೆಂದಕಾಳೂರು_ಬಾಡಿಗೆ
ನಡುವೆ ಬಂದೆ, ಕ್ಷಮಿಸಿ. ಭೋಗ್ಯ ಕೂಡ ಅಡವೇನಾ? ಬೆಂಗಳೂರಿನಲ್ಲಿ ಎಂಟು ಲಕ್ಷಕ್ಕೆ ಮೂರು ವರ್ಷ ಮನೆ ಭೋಗ್ಯಕ್ಕೆ ಸಿಕ್ಕಿದೆ. ಬಾಡಿಗೆ ಇಲ್ಲ. ಇದೇ ವಾರ ದುಡ್ಡು ಕೊಡಬೇಕು.

ಕಪ್ಪುಕೋಟು
ದುಡ್ಡು ಕೊಡುವ ಮುಂಚೆ ನಿಲ್ಲಿ. ಭೋಗ್ಯ ಅಂದರೆ ಮೂಲದಲ್ಲಿ ಅಡಮಾನದ ಒಂದು ಬಗೆ. ಸಾಲ ಕೊಟ್ಟವನು ಬಡ್ಡಿಯ ಬದಲು ಆಸ್ತಿಯನ್ನು ಅನುಭವಿಸುತ್ತಾನೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಮಿನಲ್ಲಿದೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಅಂಥ ಅಡಮಾನಕ್ಕೆ ನೋಂದಣಿ ಬೇಕು. ನಿಮ್ಮದು ಬರೀ ಛಾಪಾ ಕಾಗದದ ಒಪ್ಪಂದ ಇರಬಹುದು. ಮೊದಲು ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಸಾಲಗಳ ಪಟ್ಟಿ) ತೆಗೆಸಿ. ಆದರೆ ಅದೊಂದನ್ನೇ ನಂಬಬೇಡಿ, ಮೂಲ ಹಕ್ಕುಪತ್ರ ಕಣ್ಣೆದುರು ತೋರಿಸಲು ಹೇಳಿ. ಅದು ಮಾಲೀಕರ ಹತ್ತಿರ ಇಲ್ಲ ಅಂದರೆ ಯಾವುದೋ ಬ್ಯಾಂಕಿನಲ್ಲಿದೆ ಅಂತಲೇ ತಿಳಿಯಿರಿ. ಅವರು ಕಂತು ನಿಲ್ಲಿಸಿದರೆ ಮುಂದೊಂದು ದಿನ ಬ್ಯಾಂಕಿನವರು ಬಂದು ಮನೆಗೆ ಬೀಗ ಹಾಕುತ್ತಾರೆ. ನಿಮ್ಮ ಎಂಟು ಲಕ್ಷಕ್ಕೆ ನೀವು ಕೋರ್ಟು ಅಲೆಯಬೇಕು. ನನ್ನ ಕಪಾಟಿನಲ್ಲಿ ಇಂಥ ಆರು ಕಡತ ಇವೆ.

ಬೆಂದಕಾಳೂರು_ಬಾಡಿಗೆ
ಮೂಲ ಪತ್ರ "ಊರಲ್ಲಿದೆ" ಅಂದಿದ್ದರು. ಈಗ ಭಯ ಆಗುತ್ತಿದೆ. ನಾಳೆ ಕೇಳುತ್ತೇನೆ.

ನಿವೃತ್ತ_ಗುಮಾಸ್ತ
ಪತ್ರ ನೋಡುವವರೆಗೆ ಒಂದು ರೂಪಾಯಿ ಕೊಡಬೇಡಿ.

ಓಲೆಗರಿ
ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಿನ್ನೆಯಿಂದ ಓದುತ್ತಿದ್ದೆ, ಬರೆಯದೆ ಇರಲು ಆಗಲಿಲ್ಲ. @ಹೇಮಾವತಿ_ದಂಡೆ, ನಿಮ್ಮ ಮಗಳು ಕೇಳಿದ ಪದ ಇದೆ. ನಾವು ಅದನ್ನು ದಿನಾ ಪೇಪರಿನಲ್ಲಿ ಓದುತ್ತೇವೆ. ಸಂಚಕಾರ.

"ಪ್ರಾಣಕ್ಕೆ ಸಂಚಕಾರ", "ಬೆಳೆಗೆ ಸಂಚಕಾರ" ಅಂತ ಬರೆಯುತ್ತಾರಲ್ಲ, ಅದೇ. ಈಗ ಅದಕ್ಕೆ ಅಪಾಯ ಅನ್ನುವ ಅರ್ಥ ಮಾತ್ರ ಉಳಿದಿದೆ. ಮೂಲದಲ್ಲಿ ಸಂಚಕಾರ ಅಂದರೆ ವ್ಯಾಪಾರ ಕುದುರಿದಾಗ ಮಾತು ಗಟ್ಟಿ ಮಾಡಲು ಕೊಡುವ ಮುಂಗಡ. ಸಂಸ್ಕೃತದ "ಸತ್ಯಂಕಾರ"ದಿಂದ ಬಂದಿದ್ದು. ಸತ್ಯಂಕಾರ ಅಂದರೆ ಸತ್ಯ ಮಾಡುವುದು. ಬಾಯಲ್ಲಿ ಆಡಿದ್ದನ್ನು ಕೈಯಲ್ಲಿ ಕೊಟ್ಟ ಕಾಸು ಸತ್ಯ ಮಾಡುತ್ತದೆ. ಪ್ರಾಣಕ್ಕೆ ಸಂಚಕಾರ ಅಂದರೆ ಪ್ರಾಣವನ್ನು ಕೊಂಡುಕೊಳ್ಳಲು ಯಾರೋ ಆಗಲೇ ಮುಂಗಡ ಕೊಟ್ಟಾಗಿದೆ ಅಂತ. ಅಲ್ಲಿಂದ ಅಪಾಯ ಅನ್ನುವ ಅರ್ಥ ಹುಟ್ಟಿತು. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರು ಒಂದು ಕ್ಷಣ ಸುಮ್ಮನಾಗುತ್ತಾರೆ.

ಇದು ನಮ್ಮ ನೆಲದ ಪುಸ್ತಕದಲ್ಲೂ ಇದೆ. ಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ, ಯಾಜ್ಞವಲ್ಕ್ಯ ಸ್ಮೃತಿ ಅನ್ನುವ ಹಳೇ ಧರ್ಮಶಾಸ್ತ್ರ ಗ್ರಂಥಕ್ಕೆ ಬರೆದ ವಿವರಣೆ. ಸ್ಮೃತಿ ಹೇಳುವ ಪ್ರಕಾರ ಸತ್ಯಂಕಾರ ಪಡೆದವನು ಮಾತು ತಪ್ಪಿದರೆ ಎರಡರಷ್ಟು ವಾಪಸು ಕೊಡಬೇಕು. ಅಡವಿನಲ್ಲಿ ಎರಡು ಬಗೆ. ಸುಮ್ಮನೆ ಕಾಪಾಡಿ ಇಡುವುದು ಗೋಪ್ಯ, ಅನುಭವಿಸುವುದು ಭೋಗ್ಯ. ಬೆಂಗಳೂರಿನ ಮನೆ ಮಾಲೀಕರು ಆಡುವ ಭೋಗ್ಯ ಅಷ್ಟು ಹಳೆಯ ಪದ! ಕಾಪಾಡಲು ಕೊಟ್ಟ ಒಡವೆಯನ್ನು ಸಾಲ ಕೊಟ್ಟವನು ಬಳಸಿದರೆ ಅವನಿಗೆ ಬಡ್ಡಿ ಇಲ್ಲ ಅಂತಲೂ ಅಲ್ಲಿದೆ.

ಇನ್ನೊಂದಿದೆ, ನನಗೆ ಬಹಳ ಇಷ್ಟವಾದದ್ದು. "ಚರಿತ್ರಬಂಧಕ". ನಡತೆಯನ್ನೇ ಅಡವಿಡುವುದು. ಒಳ್ಳೆಯ ನಡತೆಯ ಮೇಲಿನ ನಂಬಿಕೆಯಿಂದ ನಡೆಯುವ ಅಡವು ಅಂತ ವಿಜ್ಞಾನೇಶ್ವರ ಒಂದು ಅರ್ಥ ಹೇಳುತ್ತಾನೆ. ಗಂಗಾಸ್ನಾನ, ಅಗ್ನಿಹೋತ್ರದಿಂದ ಬಂದ ಪುಣ್ಯವನ್ನೇ ಅಡವಿಡುವುದು ಅಂತ ಇನ್ನೊಂದು ಅರ್ಥವನ್ನೂ ಕೊಡುತ್ತಾನೆ. ಶಾಲೆಯಲ್ಲಿ ಮಕ್ಕಳು ಕೈ ಚಾಚಿ ಹೇಳುವಾಗ ಏನು ಅಡ ಇಟ್ಟಿದ್ದಾರೆ ಅಂತ ಕೇಳಿದಳಲ್ಲ ನಿಮ್ಮ ಮಗಳು. ನಡತೆ ಇಟ್ಟಿದ್ದಾರೆ ಅಂತ ಹೇಳಿ.

ಗದಗಿನ_ಗಾಳಿ
ಅಯ್ಯೋ, ನಮ್ಮ ಕಡೆ ಹೊಲ ಕೊಳ್ಳುವಾಗ "ಸಂಚಕಾರ ಪತ್ರ" ಅಂತ ಈಗಲೂ ಬರೆಸುತ್ತಾರೆ! ನಾನೇ ಸಹಿ ಹಾಕಿದ್ದೇನೆ. ಆ ಪದದೊಳಗೆ ಸತ್ಯ ಇದೆ ಅಂತ ಇವತ್ತು ಗೊತ್ತಾಯಿತು.

ಕಪ್ಪುಕೋಟು
ಗುರುಗಳೇ, ಕೋರ್ಟಿನ ಕಾಗದದಲ್ಲಿ ಸಂಚಕಾರ ಪತ್ರ ನೂರು ಸಲ ಓದಿದ್ದೇನೆ. ಒಂದು ಸಲವೂ ಯೋಚನೆ ಮಾಡಿರಲಿಲ್ಲ.

ರಾಗಿಕಣ
ಒಪ್ಪಿದೆ. ಒತ್ತೆ ಅಲ್ಲ, ಸಂಚಕಾರ. ಆದರೆ ಆಣೆ? "ನಿನ್ನಾಣೆ" ಅನ್ನುವುದೂ "ಹದಿನಾರಾಣೆ ಸತ್ಯ" ಅನ್ನುವುದೂ ಒಂದೇ ಆಣೆಯಾ?

ಓಲೆಗರಿ
ಬೇರೆ ಬೇರೆ. ನಿನ್ನಾಣೆಯ ಆಣೆ "ಆಜ್ಞೆ"ಯ ತದ್ಭವ. ಹದಿನಾರಾಣೆ ಹಳೇ ನಾಣ್ಯ. ಹದಿನಾರು ಆಣೆ ಸೇರಿದರೆ ಪೂರ್ತಿ ಒಂದು ರೂಪಾಯಿ, ಅಂದರೆ ಪೂರ್ತಿ ಸತ್ಯ.

ಕಡಲತಡಿ
ಶಾಲೆಯ ಪ್ರತಿಜ್ಞೆ ಬಗ್ಗೆ ಒಂದು ಮಾತು. "ಭಾರತ ನನ್ನ ದೇಶ" ಅಂತ ಶುರುವಾಗುವ ಅದನ್ನು 1962ರಲ್ಲಿ ತೆಲುಗಿನಲ್ಲಿ ಬರೆದವರು ಪೈಡಿಮರ್ರಿ ವೆಂಕಟ ಸುಬ್ಬರಾವ್. ನಾವು ಅದನ್ನು ಬಾಯಿಪಾಠ ಮಾಡಿದೆವು, ಬರೆದವರ ಹೆಸರು ಕಲಿಯಲಿಲ್ಲ.

ಹೇಮಾವತಿ_ದಂಡೆ
ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಸಂಚಕಾರ ಪದವನ್ನು ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡಿದ್ದಾಳೆ. "ನಡತೆ ಅಡ ಇಟ್ಟರೆ ಬಿಡಿಸಿಕೊಳ್ಳುವುದು ಹೇಗೆ?" ಅಂತ ಕೇಳಿದಳು. ಅದನ್ನು ನೀವೇ ಯೋಚಿಸಿ ಹೇಳಿ ಗುರುಗಳೇ.

ಇನ್ನೊಂದು ವಿಷಯ. ಸರವನ್ನು ದೇವರ ಗೂಡಿನಲ್ಲಿ ಇಡಲು ಹೋದಾಗ ಹಿಂದುಗಡೆ ಒಂದು ಗಂಟು ಸಿಕ್ಕಿತು. ಅರಿಶಿನ ಹಚ್ಚಿದ ಬಟ್ಟೆ, ಬಣ್ಣ ಮಾಸಿ ಕಂದು ಆಗಿದೆ. ಒತ್ತಿ ನೋಡಿದರೆ ಒಂದು ದೊಡ್ಡ ನಾಣ್ಯ, ಒಂದು ಚಿಕ್ಕದು. ಅಜ್ಜಿ ಕಟ್ಟಿದ ಮುಡಿಪು ಇರಬೇಕು. ಚಿಕ್ಕಮ್ಮನಿಗೆ ಫೋನ್ ಮಾಡಿದೆ. ನನಗೆ ಆರು ವರ್ಷ ಇದ್ದಾಗ ಟೈಫಾಯ್ಡ್ ಬಂದು ಇಪ್ಪತ್ತು ದಿನ ಮಲಗಿದ್ದೆನಂತೆ. ಹುಡುಗ ಎದ್ದು ಓಡಾಡಿದರೆ ತಿರುಪತಿಗೆ ಕರೆದುಕೊಂಡು ಬರುತ್ತೇನೆ ಅಂತ ಅಜ್ಜಿ ಹರಕೆ ಹೊತ್ತು ಕಟ್ಟಿದ್ದು. ಆಮೇಲೆ ಅಜ್ಜ ಹೋದರು, ಅಜ್ಜಿಯೂ ಹೋದರು. ನನಗೆ ಈಗ ನಲವತ್ತೆರಡು. ಅಷ್ಟು ವರ್ಷ ಅದು ನನಗಾಗಿ ಅಲ್ಲೇ ಕೂತಿದೆ.

ರಜೆಯಲ್ಲಿ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ. ಇಷ್ಟು ತಡವಾಗಿದ್ದಕ್ಕೆ ತಪ್ಪುಕಾಣಿಕೆ ಎಷ್ಟು ಹಾಕಬೇಕು? ಗಂಟು ಬಿಚ್ಚಬಹುದಾ?

ಅಂಗಳದ_ತುಳಸಿ
ಬಿಚ್ಚಬೇಡಿ. ಅಜ್ಜಿಯ ಕೈ ಹಾಕಿದ ಗಂಟು ಅದು. ಹೊಸ ಬಿಳಿ ಬಟ್ಟೆಗೆ ಅರಿಶಿನ ಹಚ್ಚಿ ಒಣಗಿಸಿ, ಹಳೇ ಮುಡಿಪನ್ನು ಹಾಗೇ ಅದರೊಳಗೆ ಇಟ್ಟು ಕಟ್ಟಿ. ತಪ್ಪುಕಾಣಿಕೆಗೆ ಲೆಕ್ಕ ಅಂತ ಇಲ್ಲ, ನಮ್ಮಮ್ಮ ಹನ್ನೊಂದು ರೂಪಾಯಿ ಸೇರಿಸುತ್ತಿದ್ದರು. ಹುಂಡಿಯ ಹತ್ತಿರ ಹೋದಾಗ ಮಗಳ ಕೈಗೆ ಕೊಡಬೇಡಿ. ನೀವೇ ಹಾಕಿ.